ದೋಣಿಯಲ್ಲಿಟ್ಟ ಪರಸ್ಥಾನ

ಅಟ್ಲಾಂಟಾ ಹತ್ತಿರದ ಜಾನ್ಸ್ ಕ್ರೀಕಿನ ಮಗಳ ಮನೆ ಬಿಡುವಾಗಲೇ ನನ್ನನ್ನು ಇಲ್ಲೇ ಬಿಟ್ಟು ಹೋಗಿ ಎಂದೆ. ಈಜು ಬಾರದ ಮುದುಕಿಯನ್ನು ಸರೋವರ ನೋಡಲು ಕರೆದೊಯ್ಯುವುದು ಬುದ್ಧಿ ಇದ್ದವರ ಕೆಲಸವಲ್ಲ. ಮಗಳು ಶುಭಾ ಕೇಳಲಿಲ್ಲ. ಮೊಮ್ಮಗಳು ಅನುವಿನ ಶಾಲೆಗೆ ರಜೆ ಇತ್ತು, ಟಿಕೆಟ್ ತೆಗೆಸಿಯಾಗಿತ್ತು. ಅಳಿಯ ಮಾತ್ರ ಬರುವ ಹಾಗಿರಲಿಲ್ಲ. ಅವನ ಪಾಸ್‌ಪೋರ್ಟಿನ ವೀಸಾ ಮುಗಿದಿತ್ತು; ದೇಶ ಬಿಟ್ಟರೆ ಹೊಸದು ಹಾಕಿಸದೆ ವಾಪಸು ಬರುವಂತಿಲ್ಲ. ಇಲ್ಲಿಯ ನಮ್ಮವರು ಕಳ್ಳರಿಗೆ ಹೆದರುವುದಿಲ್ಲ, ಹೊಸ ವೀಸಾ ಹಾಕಿಸುವ ಸ್ಟ್ಯಾಂಪಿಂಗ್ ಎಂದರೆ ಹೆದರುತ್ತಾರೆ. ಶುಭಾಳ ವೀಸಾ ಇನ್ನೂ ಇತ್ತು. ನಾನು ಆರು ತಿಂಗಳಿಗೆಂದು ಬಂದವಳು.

ಅಟ್ಲಾಂಟಾದಿಂದ ಗ್ವಾಟೆಮಾಲಾಕ್ಕೆ ವಿಮಾನದಲ್ಲಿ ಮೂರೂವರೆ ಗಂಟೆ. ಅಲ್ಲಿಂದ ವ್ಯಾನಿನಲ್ಲಿ ಅಷ್ಟೇ ಹೊತ್ತು, ಎಲ್ಲ ಬೆಟ್ಟದ ತಿರುವು. ಪನಹಚೆಲ್ ಎಂಬ ಊರಿನಲ್ಲಿ ಇಳಿದಾಗ ಅತಿತ್ಲಾನ್ ಸರೋವರ ಕಂಡಿತು. ಆಚೆ ದಡದಲ್ಲಿ ಮೂರು ಬೆಟ್ಟಗಳು. ಮೂರೂ ಒಂದು ಕಾಲಕ್ಕೆ ಬೆಂಕಿ ಉಗುಳಿದವಂತೆ. ಸರೋವರದ ತಳ ಎಲ್ಲಿದೆ ಎಂದು ಕೇಳಿದೆ. ಹೋಟೆಲಿನವನು ಕೈ ಕೆಳಗೆ ತೋರಿಸಿ ನಕ್ಕ. ನನಗೆ ನಗು ಬರಲಿಲ್ಲ.

ಮಂಗಳವಾರ ದೋಣಿಯಲ್ಲಿ ಸಾಂತಿಯಾಗೊ ಎಂಬ ಮಾಯಾ ಜನರ ಊರಿಗೆ ಹೋದೆವು. ದೋಣಿ ಎಂದರೆ ಮೇಲೊಂದು ತಗಡು, ಹಿಂದೊಂದು ಮೋಟಾರು. ನಾನು ಹಲಗೆ ಹಿಡಿದ ಕೈ ಬಿಡಲೇ ಇಲ್ಲ. ಆ ಊರಿನಲ್ಲಿ ಒಂದು ಮರದ ದೇವರು. ಅವನಿಗೆ ಟೋಪಿ ಹಾಕಿ, ಬಣ್ಣದ ವಸ್ತ್ರಗಳನ್ನು ಸುತ್ತಿ, ಬಾಯಿಗೆ ಚುಟ್ಟ ಇಟ್ಟು, ಹೆಂಡ ಕುಡಿಸುತ್ತಾರೆ. ಶುಭಾ ಬೆರಗಾದಳು. ನನಗೇನೂ ಅನ್ನಿಸಲಿಲ್ಲ, ನಮ್ಮ ಮುನೇಶ್ವರನೂ ಬೀಡಿ ಸೇದುತ್ತಾನೆ. ಮನಸ್ಸಿನಲ್ಲೇ ದಡ ಮುಟ್ಟಿಸಪ್ಪ ಎಂದು ಕೈ ಮುಗಿದೆ. ಊಟಕ್ಕೆ ಮೆಕ್ಕೆಜೋಳದ ದಪ್ಪ ರೊಟ್ಟಿ, ಕರಿ ಕಾಳು. ಉಪ್ಪು ಕಮ್ಮಿ.

ಬುಧವಾರ ಬೆಳಿಗ್ಗೆ ಹೋಟೆಲು ಬಿಟ್ಟೆವು. ಸಾನ್ ಹುವಾನ್ ಎಂಬ ಇನ್ನೊಂದು ಊರು ನೋಡಿ, ಹಿಂದಿರುಗಿ, ಸಂಜೆಗೆ ರಾಜಧಾನಿ ಸೇರುವುದೆಂದು ನಿಶ್ಚಯವಾಗಿತ್ತು. ಶುಭಾ ಮೂರೂ ಪಾಸ್‌ಪೋರ್ಟನ್ನು ನನ್ನ ಬಟ್ಟೆಯ ಕೈಚೀಲಕ್ಕೆ ಹಾಕಿದಳು. ಈ ಹಳೇ ಚೀಲವನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ ಎಂದಳು.

ಸಾನ್ ಹುವಾನಿನ ಹೆಂಗಸರು ಮಗ್ಗದ ಒಂದು ತುದಿಯನ್ನು ಕಂಬಕ್ಕೆ, ಇನ್ನೊಂದನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡು ನೆಲದ ಮೇಲೆ ಕೂತು ನೇಯುತ್ತಾರೆ. ಬಣ್ಣವೆಲ್ಲ ಗಿಡದ್ದು, ಬೇರಿನದ್ದು. ನೋಡಲು ಚೆನ್ನಾಗಿತ್ತು, ಆದರೆ ನನ್ನ ಗಮನ ಗಡಿಯಾರದ ಮೇಲಿತ್ತು. ಮಧ್ಯಾಹ್ನವಾದರೆ ಸರೋವರದ ಮೇಲೆ ಶೊಕೊಮಿಲ್ ಎಂಬ ಗಾಳಿ ಏಳುತ್ತದೆ, ಅದು ಜನರ ಪಾಪವನ್ನು ಹೊತ್ತೊಯ್ಯುತ್ತದೆ ಎಂದು ದೋಣಿಯವನು ಹೇಳಿದ್ದ. ಅನು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತವಳು, ಅವಳೇ ತಿಳಿಸಿದಳು. ಪಾಪ ಒಯ್ಯಲಿ, ನಮ್ಮನ್ನು ಬಿಡಲಿ ಎಂದೆ.

ಇನ್ನೊಂದು ಭಯವೂ ಇತ್ತು. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ಶುಭಾ ಏಳುವ ಲಕ್ಷಣ ಕಾಣಲಿಲ್ಲ. ದುಪಟ್ಟಾ ಮೇಲೆ ದುಪಟ್ಟಾ ಹೊದ್ದು ನೋಡುತ್ತಿದ್ದಳು. ನಾನೊಬ್ಬಳೇ ದೋಣಿಕಟ್ಟೆಗೆ ಇಳಿದೆ. ಪನಹಚೆಲ್ಲಿಗೆ ಹೊರಟ ದೋಣಿಯೊಂದು ತುಂಬುತ್ತಿತ್ತು. ನಮ್ಮ ಕಡೆ ಒಳ್ಳೆಯ ಹೊತ್ತಿಗೆ ತಾವು ಹೊರಡಲಾಗದಿದ್ದರೆ ಒಂದು ಗಂಟನ್ನು ಮುಂಚೆ ಹೊರಡಿಸಿ ಬೇರೆ ಮನೆಯಲ್ಲಿ ಇಡುತ್ತಾರೆ. ಗಂಟು ಹೊರಟರೆ ನಾವೂ ಹೊರಟ ಹಾಗೆ. ಅದೇ ಪರಸ್ಥಾನ. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿದೆ ಎಂದು ಕೈಚೀಲವನ್ನು ದೋಣಿಯ ಹಲಗೆಯ ಮೇಲೆ, ಒಬ್ಬ ಮುದುಕಿಯ ಪಕ್ಕ ಇಟ್ಟೆ. ಮಗಳನ್ನು ಕೂಗಲು ನಾಲ್ಕು ಹೆಜ್ಜೆ ಮೇಲೆ ಬಂದೆ. ಹಿಂದೆ ಮೋಟಾರು ಗುಡುಗಿತು.

ಕೂಗಿದೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಮುದುಕಿ ನನ್ನತ್ತ ಕೈ ಬೀಸಿದಳು. ಹೋಗಿ ಬರುತ್ತೇನೆ ಎಂಬಂತೆ.

ಶುಭಾ ಬಂದು, "ಅಮ್ಮ, ಚೀಲ ಎಲ್ಲಿ?" ಎಂದಳು.

"ಪರಸ್ಥಾನ ಇಟ್ಟಿದೀನಿ ಕಣೆ. ದೋಣೀಲಿ."

"ಯಾವ ದೋಣೀಲಿ?"

ನಾನು ನೀರಿನ ಕಡೆ ತೋರಿಸಿದೆ. "ನನ್ನ ವೀಸಾ ಅದ್ರಲ್ಲಿದೆ. ಅದಿಲ್ದೆ ನನ್ನ ಒಳಗೆ ಬಿಡಲ್ಲಮ್ಮ," ಎಂದಳು, ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು. ನನ್ನದು ಹೋದರೆ ಮೈಸೂರಿಗೆ ಹೋಗಿ ಕೂರುತ್ತೇನೆ, ಅಷ್ಟೆ. ಅವಳದ್ದು ಹೋದರೆ ಕೆಲಸ, ಮನೆ, ಗಂಡ ಎಲ್ಲ ಗಡಿಯ ಆಚೆ.

ಮುಂದಿನ ದೋಣಿ ತುಂಬುವವರೆಗೆ ಹೊರಡಲಿಲ್ಲ. ಆಳಿಗೆ ಇಪ್ಪತ್ತೈದು ಕೆಟ್ಸಾಲ್, ಅಲ್ಲಿಯ ದುಡ್ಡು. ಅಷ್ಟರಲ್ಲಿ ಗಾಳಿ ಎದ್ದಿತು. ನಡು ಸರೋವರದಲ್ಲಿ ದೋಣಿ ಮೂಗೆತ್ತಿ ದೊಪ್ಪನೆ ಬೀಳುತ್ತಿತ್ತು. ಪ್ರತಿ ಸಲ ಬೆನ್ನುಮೂಳೆ ನೆತ್ತಿಗೆ ಬಂದ ಹಾಗಾಗುತ್ತಿತ್ತು. ನೀರು ಮುಖಕ್ಕೆ ರಾಚಿತು. ಊರಿನ ಹೆಂಗಸರೂ ಮಾತು ನಿಲ್ಲಿಸಿದರು. ಅದನ್ನು ನೋಡಿ ನಾನು ಎರಡೂ ಕೈಯಲ್ಲಿ ಹಲಗೆ ಹಿಡಿದೆ. ಅನು ನನ್ನ ಸೆರಗನ್ನು ತನ್ನ ಕೈಗೆ ಸುತ್ತಿಕೊಂಡು, "ಅಜ್ಜಿ, ಡೋಂಟ್ ಲುಕ್ ಅಟ್ ದ ವಾಟರ್. ನನ್ನ ನೋಡಿ," ಎಂದಳು. ಶುಭಾ ನೀರನ್ನು ನೋಡಲೇ ಇಲ್ಲ. ಎದುರು ದಡದ ದೋಣಿಗಳನ್ನೇ ನೋಡುತ್ತಿದ್ದಳು.

ಆ ದೋಣಿ ಪನಹಚೆಲ್ಲಿನ ಕಟ್ಟೆಯಲ್ಲೇ ಕಟ್ಟಿತ್ತು. ಮುದುಕಿ ಹೋಗಿದ್ದಳು. ಚೀಲ ಹಲಗೆಯಿಂದ ಜಾರಿ, ದೋಣಿಯ ತಳದಲ್ಲಿ ನಿಂತ ನೀರಿನಲ್ಲಿ ಬಿದ್ದಿತ್ತು. ಒಳಗಿದ್ದ ನನ್ನ ಕುಂಕುಮದ ಭರಣಿ ಒಡೆದು, ಮೂರು ಪಾಸ್‌ಪೋರ್ಟೂ ಕೆಂಪಾಗಿ ಉಬ್ಬಿದ್ದವು. ರಾಜಧಾನಿಯ ಹೋಟೆಲಿನಲ್ಲಿ ಕೂದಲು ಒಣಗಿಸುವ ಯಂತ್ರ ಹಿಡಿದು ಹಾಳೆ ಹಾಳೆ ಒಣಗಿಸಿದೆವು. ಶುಭಾಳ ವೀಸಾದ ಮೇಲೆ ಅವಳ ಫೋಟೊದ ಹಣೆಯಿಂದ ಗಲ್ಲದವರೆಗೆ ಕುಂಕುಮ ಹರಡಿತ್ತು.

ಗುರುವಾರ ಬೆಳಗಿನ ವಿಮಾನ. ಅಟ್ಲಾಂಟಾದಲ್ಲಿ ಅಧಿಕಾರಿ ನನ್ನನ್ನೂ ಅನುವನ್ನೂ ಬಿಟ್ಟ. ಶುಭಾಳ ಹಾಳೆಯನ್ನು ಉಗುರಿನಿಂದ ಕೆರೆದ, ಮೂಸಿದ, ರಕ್ತವೇ ಎಂದು ಕೇಳಿದ. ಅವಳನ್ನು ಒಳಕೋಣೆಗೆ ಕರೆದೊಯ್ದರು. ನಾವು ಹೊರಗೆ ಕೂತೆವು. ಅಮ್ಮನನ್ನು ಎಲ್ಲಿಗೆ ಕಳಿಸುತ್ತಾರೆ ಎಂದು ಅನು ಕೇಳಿದಳು. ಆ ಬಾಗಿಲಿನ ಮುಂದೆ ಸರೋವರ ಏನೂ ಅಲ್ಲ.

ಶುಭಾ ಹೊರಗೆ ಬಂದಳು. ಬಿಟ್ಟಿದ್ದರು, ಬೇಗ ಹೊಸದು ಮಾಡಿಸಿಕೋ ಎಂದರಂತೆ. ಅಂದರೆ ಅವಳಿಗೂ ಸ್ಟ್ಯಾಂಪಿಂಗ್.

ಮನೆಯ ಮುಂದೆ ಕಾರು ನಿಂತಾಗ ಎರಡು ಗಂಟೆ. ಶುಭಾ ಎಂಜಿನ್ ಆರಿಸಿ ನನ್ನ ಕಡೆ ತಿರುಗಿದಳು. "ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ ಅಲ್ವಾಮ್ಮ? ಚೀಲ ಕೊಡು, ಮೊದಲು ಅದನ್ನ ಒಳಗೆ ಕಳಿಸೋಣ."

"ಸುಮ್ನೆ ಬಾಗಿಲು ತೆಗಿ," ಎಂದೆ. ಚೀಲವನ್ನು ಕಂಕುಳಿಂದ ತೆಗೆಯಲಿಲ್ಲ.