ಖಾಸಗೀಕರಣಕ್ಕೊಂದು ತಲೆಬರಹ

ನನ್ನ ಗಂಡ ಹೊರದೇಶಕ್ಕೆ ಬಂದು ಹ್ಯಾಮಿಲ್ಟನ್ನಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಹಿಡಿದ ವಿಷಯ, ರಷ್ಯಾದಲ್ಲಿ ಕಮ್ಯುನಿಸ್ಟರು ಹೋದ ಮೇಲೆ ಸರ್ಕಾರಿ ಕಾರ್ಖಾನೆಗಳು ಖಾಸಗಿಯಾದಾಗ ಅಲ್ಲಿನ ಪತ್ರಿಕೆಗಳು ಏನು ಬರೆದವು ಎಂಬುದು. ಅವರ ರಷ್ಯನ್ ಅಷ್ಟಕ್ಕಷ್ಟೆ. ಹಳೆಯ ಪತ್ರಿಕೆಗಳನ್ನು ಓದಿ ಅರ್ಥ ಹೇಳಲು ಆ ದೇಶದವಳೇ ಒಬ್ಬ ಸಹಪಾಠಿ ಇದ್ದಳು. ಸಂಜೆ ಗಂಡನನ್ನು ಅಲ್ಲಿಂದ ಕರೆದುಕೊಂಡು ಬರಲು ಹೋದರೆ, ಕಾರಿನಿಂದಲೇ ಕಾಣುತ್ತಿತ್ತು: ಗಾಜಿನ ಹಿಂದೆ, ಒಂದೇ ಕಂಪ್ಯೂಟರ್ ಪರದೆಗೆ ಇಬ್ಬರ ತಲೆ. ನನಗೆ ಹೊಟ್ಟೆ ಉರಿಯುತ್ತಿತ್ತು.

ಉರಿ ಅವಳ ನೀಲಿ ಕಣ್ಣಿಗಲ್ಲ. ಅದಕ್ಕೂ ಸ್ವಲ್ಪ ಇತ್ತೆನ್ನಿ. ಮೈಸೂರಿನಲ್ಲಿ ನಾನು ಕನ್ನಡ ಪತ್ರಿಕೆಯೊಂದರ ಉಪಸಂಪಾದಕಿಯಾಗಿದ್ದವಳು. ಸುದ್ದಿ ಯಾರೇ ತರಲಿ, ತಲೆಬರಹಕ್ಕೆ ನನ್ನ ಮೇಜಿಗೇ ಬರುತ್ತಿದ್ದರು. ಪದವನ್ನು ಒಂಚೂರು ತಿರುಚಿ ಓದುಗರನ್ನು ನಗಿಸುವುದು ನಮ್ಮ ಡೆಸ್ಕಿನ ಚಟ. ಇಲ್ಲಿ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂತು, ಬಂದವರಿಗೆಲ್ಲ ಎಕ್ಸ್‌ರೇ ಯಾವ ಕಡೆ ಎಂದು ತೋರಿಸುತ್ತಿದ್ದೆ. ಪತ್ರಿಕೆಗಳ ರಾಶಿ ಮಾತ್ರ ಅವಳ ಮುಂದೆ.

ಒಂದು ಭಾನುವಾರ ಇವರು ಅವಳನ್ನು ಊಟಕ್ಕೆ ಕರೆದರು. "ಪಾಪ ಕಣೇ, ಒಬ್ಳೇ ಇರ್ತಾಳೆ. ಫ್ಲಾಟ್‌ಮೇಟೂ ಬಿಟ್ಟೋದ್ಲಂತೆ."

ಪಾಪವಂತೆ ಪಾಪ! ಸಾರಿಗೆ ಬೇಕೆಂದೇ ಖಾರ ಮುಂದೆ ಮಾಡಿದೆ. ಪುಣ್ಯಾತ್ಗಿತ್ತಿ ಮತ್ತೆ ಬಡಿಸಿಕೊಂಡು, ತೋಳಿಗೂ ಅಷ್ಟು ಚೆಲ್ಲಿಕೊಂಡು ಉಂಡಳು.

ಊಟದ ನಡುವೆ ಅವಳೊಂದು ಸಂಗತಿ ಹೇಳಿದಳು. ಅವರ ಭಾಷೆಯ ಖಾಸಗೀಕರಣ ಎಂಬ ಪದಕ್ಕೆ ಒಂದು ಸದ್ದು ಸೇರಿಸಿದರೆ ಸಾಕು, ದೋಚಿಕೊಳ್ಳುವುದು ಎಂಬ ಅರ್ಥ ಬರುತ್ತದಂತೆ. ಜನ ಹಾಗೇ ಅನ್ನುತ್ತಿದ್ದರು, ಪತ್ರಿಕೆಗಳಲ್ಲೂ ಅದು ಬಂತು. ಆ ತಮಾಷೆಯನ್ನು ಬೇರೆ ಭಾಷೆಗೆ ತರಲಾಗದೆ ಇಬ್ಬರೂ ಒದ್ದಾಡುತ್ತಿದ್ದರು.

"ಯಾಕಾಗಲ್ಲ? ಕಸೀಕರಣ," ಅಂದೆ, ಹಪ್ಪಳ ಮುರಿಯುತ್ತಾ.

ಗಂಡ ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕರು. ಕಸಿಯುವುದು ಎಂದರೇನೆಂದು ಅವಳಿಗೆ ಅವಳ ತಟ್ಟೆಯ ಹಪ್ಪಳವನ್ನೇ ಕಿತ್ತುಕೊಂಡು ತೋರಿಸಿದೆ. ಅದರಲ್ಲಿ ನನಗೆ ಸ್ವಲ್ಪ ಹೆಚ್ಚೇ ಖುಷಿಯಾಯಿತು. ಅವಳು ಚಪ್ಪಾಳೆ ತಟ್ಟಿದಳು.

ಕೆಲವು ವಾರಗಳ ಮೇಲೆ ವಿಭಾಗದಲ್ಲಿ ಇವರ ಉಪನ್ಯಾಸ. ನಾನೂ ರಜೆ ಹಾಕಿ ಒಳ್ಳೆಯ ಸೀರೆ ಉಟ್ಟು ಹೋದೆ. ಪರದೆಯ ಮೇಲೆ ಕನ್ನಡ ಅಕ್ಷರಗಳಲ್ಲೇ, ದೊಡ್ಡದಾಗಿ, ನನ್ನ ಪದ. ಇವರು ಅರ್ಥ ಬಿಡಿಸಿ ಹೇಳಿದಾಗ ಸಭೆ ನಕ್ಕಿತು. ಎಷ್ಟು ವರ್ಷವಾಗಿತ್ತು, ನನ್ನ ತಲೆಬರಹಕ್ಕೆ ಜನ ನಕ್ಕು! ಪ್ರಾಧ್ಯಾಪಕರೊಬ್ಬರು, ಇದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು.

"ಊಟ ಮಾಡುವಾಗ ಸುಮ್ಮನೆ ಹೊಳೆಯಿತು," ಎಂದರು ನನ್ನ ಗಂಡ.

ನಾನು ಸೆರಗಿನ ತುದಿ ತಿರುಚುತ್ತಾ ಕೂತೆ. ಮನೆಗೆ ಹೋಗಿ ವಿಚಾರಿಸಿಕೊಂಡರಾಯಿತು, ನಾಲ್ಕು ಜನರೆದುರು ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅವಳ ದನಿ ಬಂತು.

"ಅವನಿಗೆ ಹೊಳೆದದ್ದಲ್ಲ. ಅವನ ಹೆಂಡತಿ ಹೇಳಿದ್ದು. ಅಗೋ, ಅಲ್ಲೇ ಕೂತಿದ್ದಾಳೆ. ಅವಳು ಪತ್ರಕರ್ತೆ."

ಎಲ್ಲರೂ ನನ್ನತ್ತ ತಿರುಗಿದರು. ಗಂಡ ನೀರಿನ ಲೋಟ ಹುಡುಕಿದರು. ಅವಳ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೆ ಆರಬೇಕಿತ್ತು. ಆರಲಿಲ್ಲ, ಹೆಚ್ಚಿತು. ನನ್ನದನ್ನು ನನ್ನದು ಅನ್ನುವ ಬಾಯಿಯೂ ಅವಳಿಗೇ ಇತ್ತು.