ಕಂಪ್ಯೂಟರಿಗೆ ನಾನೇ ಹಾಕಿದ ಬೀಗ

ಬೀಗ ಹಾಕಿದವಳು ನಾನೇ. ನಿವೃತ್ತಿಯಾಗಿ ಹೊನ್ನಾಳಿಯ ಮನೆಯಲ್ಲಿ ಕೂತು ಇದನ್ನು ಬರೆಯುವಾಗ ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟಿಬಿಡೋಣ ಅನ್ನಿಸುತ್ತದೆ. ಆದರೆ ಆ ಬೀಗದ ಒಂದೊಂದು ಪದವನ್ನೂ ಕೈಯಾರೆ ಬರೆದುಕೊಟ್ಟವಳು ನಾನು. ಅದರಿಂದ ಒಬ್ಬ ಹೆಂಗಸಿನ ಜೀವಕ್ಕೆ ಸಂಚಕಾರ ಬಂದಿತ್ತು. ಅದನ್ನು ಸುತ್ತಿ ಬಳಸದೆ ಹೇಳಿಬಿಡುತ್ತೇನೆ.

ನಾನು ಗ್ರಂಥಾಲಯದ ಕೆಲಸದಲ್ಲಿದ್ದವಳು. ಜಗಳೂರಿನಲ್ಲಿದ್ದಾಗ ನಮಗೆ ಒಂದೇ ಕಂಪ್ಯೂಟರ್ ಇತ್ತು, ಅದು ಕೆಲಸ ಮಾಡುತ್ತಿರಲಿಲ್ಲ. ಹೂವಿನ ಬಟ್ಟೆ ಹೊದಿಸಿ ಮೇಲೆ ಹಾಜರಿ ಪುಸ್ತಕ ಇಡುತ್ತಿದ್ದೆವು. ಚನ್ನಗಿರಿಗೆ ವರ್ಗವಾದ ಮೇಲೆ ನಾಲ್ಕು ಹೊಸ ಕಂಪ್ಯೂಟರ್ ಬಂದವು, ನೆಟ್ ಬಂತು, ಜೊತೆಗೆ ತಲೆನೋವೂ ಬಂತು. ಮೀಸೆ ಬಂದ ಗಂಡಸರು ಪಕ್ಕಕ್ಕೆ ದಿನಪತ್ರಿಕೆ ಮರೆ ಮಾಡಿಕೊಂಡು ಏನೇನೋ ನೋಡುವರು. ನಾನು ಹಿಂದೆ ಹೋಗಿ ನಿಂತರೆ ಫಟ್ಟನೆ ಅಡಿಕೆ ಧಾರಣೆಯ ಪುಟ ಬರುತ್ತಿತ್ತು. ಒಂದು ಗುಂಟೆ ತೋಟ ಇಲ್ಲದವನೂ ಹುಬ್ಬು ಗಂಟಿಕ್ಕಿಕೊಂಡು ರಾಶಿ ಅಡಿಕೆಯ ರೇಟು ನೋಡುತ್ತ ಕೂತಿರುತ್ತಿದ್ದ. ನನಗೋ ಮೂಗಿನ ತುದಿಯಲ್ಲೇ ಕೋಪ. ಎಷ್ಟು ಜನರನ್ನು ಎಬ್ಬಿಸಿ ಕಳಿಸಿದ್ದೇನೋ ಲೆಕ್ಕವಿಲ್ಲ.

ಹಾಗಾಗಿ ನ್ಯಾಮತಿಗೆ ಬಂದವಳೇ ಮಾಡಿದ ಮೊದಲ ಕೆಲಸವೆಂದರೆ ಕಂಪ್ಯೂಟರಿಗೆ ಬೀಗ ಹಾಕಿಸಿದ್ದು. ಶಿವಮೊಗ್ಗದಿಂದ ಒಬ್ಬ ಕಂಪ್ಯೂಟರ್ ರಿಪೇರಿಯವನು ಬಂದ. ಯಾವ ಯಾವ ಪದ ಟೈಪ್ ಮಾಡಿದರೆ ತಡೆಯಬೇಕೋ ಪಟ್ಟಿ ಕೊಡಿ ಅಂದ. ಅವನ್ನೆಲ್ಲ ಬಾಯಿಬಿಟ್ಟು ಹೇಳುವುದು ಹೇಗೆ? ಮನೆಯಲ್ಲಿ ಅಡಿಗೆಮನೆ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ, ನಾಲ್ಕು ಮಡಿಕೆ ಮಡಿಚಿ ಔಷಧಿ ಚೀಟಿ ಕೊಟ್ಟ ಹಾಗೆ ಕೊಟ್ಟೆ. ಅವನು ಬಿಡಿಸಿ ಓದುತ್ತ ಓದುತ್ತ ಕೆಂಪಗಾದ.

"ಎದೆ ಅನ್ನೋದೂ ಬೇಡ್ವಾ ಮೇಡಂ?" ಅಂದ.

"ಬೇಡ. ಎಲ್ಲಾ ಅಲ್ಲಿಂದ್ಲೇ ಶುರುವಾಗೋದು" ಅಂದೆ.

ತಡೆದ ಪುಟದ ಮೇಲೆ ಏನಾದರೂ ಬರೆಯಬಹುದು, ಏನು ಬರೆಯಲಿ ಎಂದು ಕೇಳಿದ. ಅದಕ್ಕೆ ಮಾತ್ರ ನಾನು ಯೋಚಿಸಲೂ ಇಲ್ಲ. 'ನಾಚಿಕೆಯಾಗಬೇಕು. ಇದು ಓದುವ ಜಾಗ' ಎಂದು ಹೇಳಿದೆ. ದೊಡ್ಡ ಕೆಂಪು ಅಕ್ಷರದಲ್ಲಿ ಹಾಕು ಎಂದೂ ಹೇಳಿದೆ. ನನಗೆ ಅದು ಬಹಳ ಹಿಡಿಸಿತ್ತು. ಮೊದಲ ವಾರವೇ ಒಬ್ಬ ಕನ್ನಡ ಮೇಷ್ಟ್ರು ಭಾವಗೀತೆಯೊಂದನ್ನು ಹುಡುಕಲು ಹೋಗಿ ಕಂಪ್ಯೂಟರಿನಿಂದ ಬೈಸಿಕೊಂಡು ನನ್ನ ಟೇಬಲ್ಲಿಗೆ ಬಂದರು. "ಎದೆ ಇಲ್ಲದ ಪದ್ಯ ಹುಡುಕ್ರಿ ಮೇಷ್ಟ್ರೇ" ಎಂದು ಅವರನ್ನೂ ಸಾಗಹಾಕಿದೆ.

ಬೀಗ ಹಾಕಿದ ಮೇಲೆ ಅದನ್ನು ದಾಟುವವರು ಹುಟ್ಟಲೇಬೇಕಲ್ಲ. ಎಂ.ಎ. ಮುಗಿಸಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಸಿನಿಮಾ ಪುಟಗಳನ್ನೂ ನಾನು ಮುಚ್ಚಿಸಿದ್ದೆ, ಆದರೆ ಪರೀಕ್ಷೆಯವರಿಗೆ ಬೇಕಾಗುತ್ತದೆಂದು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವ ಅನುವಾದದ ಪುಟವನ್ನು ತೆರೆದಿಡಿಸಿದ್ದೆ. ಆಕೆ ಆ ಪುಟದ ಚೌಕದೊಳಗೆ ಬೇರೊಂದು ಪುಟದ ವಿಳಾಸ ಬರೆದು, ಅನುವಾದದ ಹೊಟ್ಟೆಯೊಳಗೇ ಅದನ್ನು ತೆರೆಸಿಕೊಂಡು, ಆರಾಮಾಗಿ ಸಿನಿಮಾ ಸುದ್ದಿ ಓದುತ್ತಿದ್ದಳು. ಹಿಡಿದೆ. ಒಂದು ವಾರ ಈ ಕಡೆ ತಲೆ ಹಾಕಬೇಡ ಅಂದೆ. ಆ ಗಟ್ಟಿಗಿತ್ತಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, "ಬಾಗ್ಲಿಗೆ ಬೀಗ ಹಾಕಿ ಕಿಟಕಿ ತೆಗ್ದಿಟ್ಟೀರಿ ಮೇಡಂ" ಎಂದು ನಕ್ಕು ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ನು ಅಕ್ಕನ ವಿಷಯ. ನಮ್ಮ ಗ್ರಂಥಾಲಯ ಗುಡಿಸಿ ಒರೆಸುತ್ತಿದ್ದವಳು, ಬೆಳಿಗ್ಗೆ ಬಾಗಿಲು ತೆಗೆಯುವವಳೂ ಆಕೆಯೇ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ನಾನು ಅಕ್ಕ ಅನ್ನುತ್ತಿದ್ದೆ, ಆಕೆ ನನ್ನನ್ನು ಮೇಡಂ ಅನ್ನುತ್ತಿದ್ದಳು. ಶಾಲೆಗೆ ಹೋದವಳಲ್ಲ. ದಿನಾ ಪತ್ರಿಕೆಗಳನ್ನು ಜೋಡಿಸುತ್ತ ದೊಡ್ಡ ತಲೆಬರಹಗಳನ್ನು ಕೂಡಿಸಿಕೊಂಡು ಓದುವುದನ್ನು ತಾನಾಗಿಯೇ ಕಲಿತಿದ್ದಳು.

ಒಂದು ಬೆಳಿಗ್ಗೆ ಓದುವವರು ಬರುವ ಮೊದಲು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು. "ಒಂದ್ ಮಾತೈತ್ರೀ ಮೇಡಂ" ಅಂದಳು. ಸೆರಗಿನ ಮೇಲಿಂದಲೇ ಎಡಗಡೆಯ ಎದೆ ಮುಟ್ಟಿ ತೋರಿಸಿದಳು. ಅಲ್ಲಿ ಗಂಟಾಗಿತ್ತು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತಂತೆ, ಹುಣಸೆಬೀಜದಷ್ಟು, ಗಟ್ಟಿ.

"ನೋವೈತಾ?"

"ಇಲ್ರೀ. ನೋವಿಲ್ಲ ಅಂತ್ಲೇ ಆಸ್ಪತ್ರಿಗೆ ಹೋಗಾಕೆ ಮನ್ಸಿಲ್ಲ. ಅಲ್ಲಿ ಇರೋರು ಗಂಡ್ ಡಾಕ್ಟ್ರು. ನೋವಿಲ್ದಿದ್ದಕ್ಕೆ ಅವ್ರ ಮುಂದೆ ಹೆಂಗ್ ತೋರ್ಸಲಿ? ನೀವು ಒಂದಿಷ್ಟು ನೋಡಿ ಹೇಳ್ರಿ, ಹೋಗ್ಬೇಕೋ ಬ್ಯಾಡೋ ಅಂತ."

ನಾನು ಚೀಲದಿಂದ ಫೋನ್ ತೆಗೆಯಹೋದೆ. ಆಕೆ ತಡೆದಳು. "ಫೋನ್ ಬ್ಯಾಡ್ರಿ. ಅದ್ರಾಗೆ ಬರೋದೆಲ್ಲ ಸುಳ್ಳು, ನನ್ ಮಗ ದಿನಾ ನೋಡಿ ದಿನಾ ಒಂದೊಂದು ಹೇಳ್ತಾನೆ. ನಮ್ ಪಾಣಿ ತೋರಿಸ್ದ್ರಲ್ಲ, ಆ ಕಂಪ್ಯೂಟರ್ನಾಗೆ ನೋಡ್ರಿ. ಅದು ಸರ್ಕಾರದ್ದು."

ಹಿಂದಿನ ವರ್ಷ ಆಕೆಯ ಅರ್ಧ ಎಕರೆ ಹೊಲದ ಪಹಣಿಯನ್ನು ಆ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ್ದೆ. ಗಂಡ ಸತ್ತ ಮೇಲೆ ಜಮೀನು ತನ್ನ ಹೆಸರಿಗೆ ಬಂದಿದ್ದನ್ನು ಆಕೆ ಕಣ್ಣಾರೆ ಓದಿದ್ದು ಅಲ್ಲೇ. ಅಂದಿನಿಂದ ಆ ಪರದೆಯ ಮೇಲೆ ಬಂದದ್ದು ಆಕೆಗೆ ತಹಸೀಲ್ದಾರರ ಮೊಹರು ಬಿದ್ದ ಮಾತು. ನಾನೂ ಯೋಚನೆ ಮಾಡದೆ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಎದೆಯಲ್ಲಿ ಗಂಟು' ಎಂದು ಟೈಪ್ ಮಾಡಿದೆ.

ಪರದೆ ಕೆಂಪಾಯಿತು. ನನ್ನದೇ ಮಾತು, ನಾನು ಹೇಳಿದಷ್ಟೇ ದೊಡ್ಡ ಅಕ್ಷರದಲ್ಲಿ. ಮುಚ್ಚಬೇಕೆಂದು ಕೈ ಹಾಕುವಷ್ಟರಲ್ಲಿ ಅಕ್ಕ ಬೆರಳಿಟ್ಟು ಓದಲು ಶುರು ಮಾಡಿದ್ದಳು. "ನಾ... ಚಿ... ಕೆ..." ಅಷ್ಟು ಓದಿ ಬೆರಳು ಹಿಂದಕ್ಕೆ ತೆಗೆದುಕೊಂಡಳು.

"ಅಕ್ಕ, ಅದು ನಿನಗಲ್ಲ, ಬೇರೆಯೋರಿಗೆ ಬರ್ಸಿದ್ದು" ಅಂದೆ.

"ಇರ್ಲಿ ಬಿಡ್ರಿ" ಎಂದು ಎದ್ದಳು. ಸೆರಗನ್ನು ಭುಜದ ಸುತ್ತ ಬಿಗಿಯಾಗಿ ಹೊದ್ದುಕೊಂಡು ಪೊರಕೆ ಹಿಡಿದು ಒಳಗಿನ ಕೋಣೆಗೆ ಹೋದಳು.

ಮರುದಿನ ಕೇಳಿದೆ. "ಅದು ಕರಗ್ತು ಮೇಡಂ" ಅಂದಳು. ನಾನು ನಂಬಿದೆ. ನಂಬಿದೆ ಅನ್ನುವುದೂ ಸುಳ್ಳೇ. ಮತ್ತೆ ಕೇಳಬೇಕಾದ ಮುಜುಗರ ತಪ್ಪಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಗಂಟು ಹಾಗೆ ರಾತ್ರಿ ಬೆಳಗಾಗುವುದರೊಳಗೆ ಕರಗುವುದಿಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಲೆಕ್ಕ ತಪಾಸಣೆ, ಪುಸ್ತಕದ ಪಟ್ಟಿ, ಮಗಳ ಬಾಣಂತನ ಎಂದು ನಾಲ್ಕು ತಿಂಗಳು ಕಳೆದವು.

ಆಮೇಲೊಂದು ದಿನ ಆಕೆ ಮೇಲಿನ ಕಪಾಟು ಒರೆಸುವುದನ್ನು ನೋಡಿದೆ. ಎಡಗೈ ಎತ್ತುತ್ತಿರಲಿಲ್ಲ. ಸ್ಟೂಲನ್ನು ಆಚೆ ಸರಿಸಿ, ತಿರುಗಿ ನಿಂತು, ಎಲ್ಲವನ್ನೂ ಬಲಗೈಯಲ್ಲೇ ಒರೆಸುತ್ತಿದ್ದಳು. ಹತ್ತಿರ ಹೋಗಿ, "ಕರಗಿಲ್ಲ ಅಲ್ವಾ?" ಅಂದೆ. ಆಕೆ ಬಗ್ಗಿ ಬಟ್ಟೆ ಹಿಂಡತೊಡಗಿದಳು. ಆಸ್ಪತ್ರೆಗೆ ಹೋಗೋಣ ನಡಿ ಎಂದು ಕೈಹಿಡಿದರೆ ಕೊಸರಿಕೊಂಡಳು. "ಕಂಪ್ಯೂಟರ್ನಾಗೇ ಹಂಗ್ ಬರೆದೈತೆ, ಡಾಕ್ಟ್ರು ಇನ್ನೇನ್ ಅಂತಾರೆ. ಬ್ಯಾಡ್ರಿ ಮೇಡಂ" ಅಂದಳು.

ಆ ಮಾತು ಬರೆಸಿದವಳು ನಾನೇ ಎಂದು ಹೇಳಿದೆ. ಆಕೆ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದಳು. ತನ್ನನ್ನು ಸಮಾಧಾನ ಮಾಡಲು ಮೇಡಂ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡಳು. ಆಕೆಗೆ ಹೇಳಿದ್ದು ಆ ಕಂಪ್ಯೂಟರು. ಹೇಳಿದ್ದನ್ನು ತಪ್ಪೆಂದು ಒಪ್ಪಿಕೊಳ್ಳಬೇಕಾದದ್ದೂ ಅದೇ.

ರಿಪೇರಿಯವನಿಗೆ ಫೋನ್ ಮಾಡಿದೆ. ಪಾಸ್‌ವರ್ಡ್ ಇರುವುದು ತನ್ನ ಲ್ಯಾಪ್‌ಟಾಪಿನಲ್ಲಿ, ತಾನಿರುವುದು ಮಂಗಳೂರಿನಲ್ಲಿ, ಎಂಟು ದಿನ ತಾಳಿ ಅಂದ. ನನಗೆ ಎಂಟು ನಿಮಿಷ ತಾಳುವ ಸಹನೆ ಇರಲಿಲ್ಲ. ಓದುವ ಕೋಣೆಗೆ ಹೋಗಿ ಆ ಪೊಲೀಸ್ ಪರೀಕ್ಷೆಯ ಹುಡುಗಿಯ ಮುಂದೆ ನಿಂತೆ.

"ಆ ಕಿಟಕಿ ಎಲ್ಲೈತೆ ತೋರ್ಸು" ಅಂದೆ.

ಆಕೆ ಪೆನ್ನು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾನೇನೂ ಮಾಡಿಲ್ಲ ಮೇಡಂ ಇವತ್ತು."

"ಗೊತ್ತು. ನಾನು ಮಾಡಬೇಕು, ಕಲಿಸು."

ವಿಷಯ ತಿಳಿದ ಮೇಲೆ ಆಕೆ ತಮಾಷೆ ಬಿಟ್ಟಳು. ಎಲ್ಲಾ ಹೆಂಗಸರಿಗೂ ತಿಳಿಯುವ ಹಾಗೆ ವೈದ್ಯರು ಬರೆದಿಟ್ಟ ಒಂದು ಇಂಗ್ಲಿಷ್ ಪುಟವನ್ನು ತನ್ನ ಫೋನಿನಲ್ಲಿ ಹುಡುಕಿ, ಅದರ ವಿಳಾಸವನ್ನು ಅನುವಾದದ ಚೌಕದಲ್ಲಿ ಅಕ್ಷರ ಅಕ್ಷರವಾಗಿ ನನ್ನ ಕೈಯಲ್ಲೇ ಬರೆಸಿದಳು. "ಬೀಗ ನೋಡೋದು ಹೊರಗಿನ ಹೆಸ್ರು ಅಷ್ಟೇ ಮೇಡಂ. ಒಳಗೆ ಯಾರ್ ಕುಂತಾರೆ ಅಂತ ಇಣುಕಲ್ಲ" ಅಂದಳು. ಪುಟ ತೆರೆಯಿತು. ಕೆಂಪಿಲ್ಲ. ಬಿಳಿ ಪುಟ, ಹೆಂಗಸಿನ ಎದೆಯ ಸಾದಾ ಗೆರೆಚಿತ್ರ, ಪಕ್ಕದಲ್ಲಿ ಕನ್ನಡ.

ಅಕ್ಕನನ್ನು ಕರೆದು ಕೂರಿಸಿದೆವು. ಕನ್ನಡ ಕುಂಟುತ್ತಿತ್ತು, ಯಂತ್ರದ ಕನ್ನಡ. ಹುಡುಗಿ ಅದನ್ನು ನಮ್ಮ ಮಾತಿಗೆ ತಿರುಗಿಸಿ ಮೆಲ್ಲಗೆ ಓದಿದಳು. ನೋವಿಲ್ಲದಿದ್ದರೂ ತೋರಿಸಬೇಕು. ಗಂಟುಗಳಲ್ಲಿ ಎಷ್ಟೋ ಏನೂ ಅಲ್ಲದವು ಇರುತ್ತವೆ, ಆದರೆ ಯಾವುದು ಏನೆಂದು ಪರೀಕ್ಷೆ ಮಾಡದೆ ಹೇಳಲಾಗದು. ಬೇಗ ಬಂದಷ್ಟೂ ಒಳ್ಳೆಯದು. ಅಕ್ಕ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಬೈದಿಲ್ವಲ್ಲ ಇದ್ರಾಗೆ" ಅಂದಳು.

"ಇಲ್ಲಕ್ಕ. ಬಾ ಅಂತ ಬರೆದಾರೆ" ಅಂದಳು ಹುಡುಗಿ. ಶಿವಮೊಗ್ಗದಲ್ಲಿ ಹೆಣ್ಣು ಡಾಕ್ಟರು ನೋಡುವ ದಿನ ಯಾವುದೆಂದೂ ಆಕೆಯೇ ಫೋನ್ ಮಾಡಿ ವಿಚಾರಿಸಿದಳು.

ಮರುದಿನ ಮೂವರೂ ಬಸ್ಸು ಹತ್ತಿದೆವು. ಡಾಕ್ಟರಮ್ಮ ಮುಟ್ಟಿ ನೋಡಿ, ಎಷ್ಟು ದಿನ ಆಯ್ತು ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿ, "ಮೊನ್ನೆ ಮೊನ್ನೆ ನೋಡ್ಕಂಡೆ ರೀ" ಅಂದಳು. ನನ್ನ ಮರ್ಯಾದೆ ಉಳಿಸಲು ಹಾಗೆ ಹೇಳಿದ್ದು. ನನಗೆ ತಡೆಯಲಾಗಲಿಲ್ಲ. "ನಾಲ್ಕು ತಿಂಗಳ ಮೇಲಾಯ್ತು ಡಾಕ್ಟ್ರೇ, ನನಗೆ ಹೇಳಿದ್ಲು, ನಾನು ಸುಮ್ಮನಿದ್ದೆ" ಅಂದೆ. ಅವರು ಬೈಯಲಿಲ್ಲ. ಚೀಟಿಯ ಮೇಲೆ ಬರೆದುಕೊಂಡರು, ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ಪರೀಕ್ಷೆಗಳಾದವು. ಅದು ಕೆಟ್ಟ ಗಂಟೇ. ಎದೆ ತೆಗೆಯಬೇಕು, ಆಮೇಲೂ ಚಿಕಿತ್ಸೆ ಇದೆ, ಆದರೆ ಬೇರೆ ಕಡೆ ಹರಡಿಲ್ಲ, ಉಳಿಯುತ್ತಾರೆ ಎಂದರು. ಉಳಿದಳು. ಪರೀಕ್ಷೆಗಳು ಮುಗಿಯುವಷ್ಟರೊಳಗೆ ರಿಪೇರಿಯವನೂ ಮಂಗಳೂರಿನಿಂದ ಬಂದಿದ್ದ. ಯಾವ ಯಾವ ಪದ ತೆಗೆಯಬೇಕೆಂದು ಕೇಳಿದಾಗ, ಓದುವ ಕೋಣೆ ತುಂಬ ಜನ ಇದ್ದರೂ ಒಂದೊಂದನ್ನೂ ಬಾಯಿಬಿಟ್ಟು ಹೇಳಿ ತೆಗೆಸಿದೆ. ಕೆಂಪು ಪುಟವನ್ನೂ ಅಳಿಸಿಸಿದೆ. ಒಬ್ಬಿಬ್ಬರು ತಲೆ ಎತ್ತಿ ನೋಡಿ ಮತ್ತೆ ಪತ್ರಿಕೆಗೆ ಬಗ್ಗಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಶಿವಮೊಗ್ಗದ ಆಸ್ಪತ್ರೆಗೆ ನೋಡಲು ಹೋದಾಗ ಅಕ್ಕ ಮಂಚದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅರ್ಧ ನನ್ನ ಕೈಗೆ ಕೊಟ್ಟಳು.

"ಮೇಡಂ, ನಮ್ ಓಣ್ಯಾಗೆ ಇನ್ನೊಬ್ಬಾಕಿ ಅದಾಳೆ. ಟೇಲರಿಂಗ್ ಮಾಡ್ತಾಳೆ. ಅವ್ಳಿಗೂ ಹಿಂಗೆ ಐತೆ. ನನಗೆ ಹೇಳ್ಕಂಡಿದ್ಲು."

"ಯಾವಾಗ?"

"ಅವತ್ತು ನೀವು ಕಂಪ್ಯೂಟರ್ನಾಗೆ ನೋಡಿದ್ರಲ್ಲ, ಅದ್ರ ಮಾರ್ನೇ ದಿನ." ಅಕ್ಕ ತಲೆ ತಗ್ಗಿಸಿದಳು. "ಯಾರ ಮುಂದೂ ಬಾಯ್ ಬಿಡ್ಬ್ಯಾಡ ಕಣೆ, ನಾಚಿಕೆಗೇಡು, ಕಂಪ್ಯೂಟರ್ನಾಗೇ ಬರೆದೈತೆ ಅಂತ ನಾನೇ ಹೇಳ್ದೆ. ಅವ್ಳು ಆಮ್ಯಾಗೆ ಆ ಮಾತೇ ಎತ್ತಿಲ್ಲ."

ಕಿತ್ತಳೆ ನನ್ನ ಕೈಯಲ್ಲೇ ಉಳಿಯಿತು. ಮನೆಯ ಗುರುತು ಕೇಳಿಕೊಂಡು ಸಿಕ್ಕಿದ ಬಸ್ಸಿಗೆ ನ್ಯಾಮತಿಗೆ ಬಂದೆ. ಆ ಓಣಿಗೆ ಹಿಂದೆಂದೂ ಹೋದವಳಲ್ಲ. ಮೂರನೇ ಮನೆಯಲ್ಲಿ ಮಷಿನ್ನಿನ ಸದ್ದು ಕೇಳಿಸಿತು. ನಲವತ್ತರ ಹೆಂಗಸು, ಯಾರದೋ ರವಿಕೆ ಹೊಲಿಯುತ್ತಿದ್ದಳು. ಕಾಲು ನಿಲ್ಲಿಸಿ ಯಾರ್ರೀ ಅಂದಳು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದೆ. ಕಂಪ್ಯೂಟರಿನ ಮೇಲಿನ ಆ ಮಾತು ನನ್ನದು, ಅದರಲ್ಲಿ ಸತ್ಯ ಒಂದಕ್ಷರವೂ ಇಲ್ಲ ಎಂದೂ ಹೇಳಿದೆ. ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಮತ್ತೆ ಬಿಡಿಸಿ ಮಡಚಿದಳು.

"ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ. ರೆಡಿಯಾಗಿರಮ್ಮ, ಹೋಗಿ ತೋರ್ಸ್ಕಂಡು ಬರೋಣ" ಅಂದೆ.

ಆಕೆ ಎದ್ದು ಒಳಗೆ ಹೋದಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಸೀರೆ ಬದಲಾಯಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.

"ನಾಳೆ ಯಾಕ್ರೀ," ಅಂದಳು, "ಈಗ ಬಸ್ಸಿಲ್ವಾ?"