ಹಸಿದ ಕೌದಿಗೆ ತುತ್ತು ಇಡುವವರು ಯಾರು?

“ಇದೇನ ಸುಧಾ, ನಿನ್ನ ಕೌದಿ ಯೂನಿಫಾರ್ಮ್ ಹಾಕ್ಕೊಂಡು ಸಾಲಿಗೆ ಹೊಂಟದೇನು?”

ವಾಟ್ಸ್ಯಾಪಿನಲ್ಲಿ ನಾನು ಕಳಿಸಿದ ಫೋಟೋಗೆ ಮಾಲತಿ ವೈನಿಯಿಂದ ಬಂದ ಉತ್ತರ ಇದು. ವೈನಿ ಎಂದರೆ ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಜೋರಾಗಿ ನಕ್ಕೆ. ನಕ್ಕು ಮುಗಿದ ಮೇಲೆ ಮನೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು.

ತಪ್ಪು ನನ್ನದಲ್ಲ ಸ್ವಾಮಿ. ಕೌದಿ ಎಂದರೆ ಬಟ್ಟೆಯ ಚೂರು ಕೂಡಿಸಿ ಹೊಲಿದ ಹೊದಿಕೆ; ಅದರ ನಡುವಿನ ತುಂಡಿಗೆ ನಮ್ಮ ಮನೆತನದಲ್ಲಿ ಒಂದು ಕಟ್ಟುನಿಟ್ಟಿದೆ. ನಟ್ಟನಡುವೆ ಕೆಂಪು ಚೌಕ. ಅದರ ನಾಲ್ಕೂ ಬದಿಗೆ ಗುಡಿಯ ಗೋಪುರದ ಹಾಗೆ ಹಸಿರು ತ್ರಿಕೋನ. ಸುತ್ತ ಹಳದಿ ಪಟ್ಟಿ. ನಮ್ಮೂರು ಧಾರವಾಡದಲ್ಲಿ ಹಳೆಯ ಖಣದ ಕುಪ್ಪಸಗಳನ್ನು ಬಿಚ್ಚಿದರೆ ಮೂರೂ ಬಣ್ಣ ಸಿಗುತ್ತಿದ್ದವು. ಕಾಶಿಯ ಈ ಶಿವಾಲದ ಗಲ್ಲಿಯಲ್ಲಿ ಖಣ ಎಲ್ಲಿಂದ ತರಲಿ? (ಬನಾರಸಿ ಸೀರೆಯ ಊರಲ್ಲವೇ ಎನ್ನಬೇಡಿ. ಜರಿ ಚುಚ್ಚಿಸಿಕೊಂಡು ಒಂದು ರಾತ್ರಿ ಮಲಗಿ ನೋಡಿ, ಆಮೇಲೆ ಮಾತಾಡೋಣ.)

ಗಲ್ಲಿಯ ದರ್ಜಿ ತನ್ನ ಹತ್ತಿರ ಇದ್ದ ಚೂರುಗಳನ್ನೇ ಕೊಟ್ಟ. ಶಾಲೆ ಶುರುವಾಗುವ ಸೀಸನ್ ಬೇರೆ. ಹೀಗಾಗಿ ಕೆಂಪಿನ ಜಾಗಕ್ಕೆ ನೀಲಿ ಸ್ಕರ್ಟು ಬಂತು, ಹಸಿರಿಗೆ ಬೂದು ಪ್ಯಾಂಟು, ಹಳದಿಗೆ ಬಿಳಿ ಶರ್ಟು. ಅದೇ ಚೌಕ, ಅದೇ ಗೋಪುರ. ಹೊಲಿಯುತ್ತ ಹೊಲಿಯುತ್ತ ನನಗೇ ಹಿಡಿಸಿಬಿಟ್ಟಿತು.

ಆದರೆ ಕೌದಿ ಒಬ್ಬರ ಕೆಲಸವೇ ಅಲ್ಲ. ಆ ತುದಿಯಲ್ಲಿ ವೈನಿ, ಈ ತುದಿಯಲ್ಲಿ ನಾನು. ಹೊಲಿಯುತ್ತ ಬಂದು ನಡುವೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟರಲ್ಲಿ ಊರವರ ಸುದ್ದಿಯೆಲ್ಲ ಮುಗಿದಿರುತ್ತಿತ್ತು. ಇದೇ ಗಲ್ಲಿಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದ ಭಾವನವರಿಗೆ ಘಾಟಿನ ಮೆಟ್ಟಿಲು ಹತ್ತಲಾಗದೆ, ದೀಪಾವಳಿ ಮುಗಿಸಿ ಇಬ್ಬರೂ ಹುಬ್ಬಳ್ಳಿಯ ಮಗಳ ಮನೆಗೆ ಹೋದರು. ಈಗ ನನ್ನ ಯಜಮಾನರು ಒಬ್ಬರೇ ಯಾತ್ರಿಗಳಿಗೆ ಶ್ರಾದ್ಧ ಮಾಡಿಸಿ, ಮಧ್ಯಾಹ್ನ ಇಳಿಹೊತ್ತಿಗೆ ಬಂದು, ಉಂಡು ಮಲಗುತ್ತಾರೆ. ಮಗಳನ್ನು ಕನ್ನಡದಲ್ಲಿ ಏನು ಕೇಳಿದರೂ “ಠೀಕ್ ಹೈ ಅಮ್ಮಾ” ಎನ್ನುತ್ತಾಳೆ. ದಿನವಿಡೀ ನಾನು ಕನ್ನಡ ಆಡುವುದು ಕುಕ್ಕರಿನ ಜೊತೆಗೆ. ಅದಾದರೂ ಸಿಳ್ಳೆ ಹೊಡೆಯುತ್ತದೆ.

ಹೇಗೋ ಎರಡೂ ತುದಿ ನಾನೇ ಹೊಲಿದೆ. ಸಿಕ್ಕಿಕೊಂಡದ್ದು ಕೊನೆಯ ಮೂಲೆಯಲ್ಲಿ.

ಆ ಮೂಲೆ ಮುಚ್ಚುವ ಮುಂಚೆ ಒಳಗೊಂದು ಒಣಗಿದ ರೊಟ್ಟಿಯ ಚೂರು ಇಡಬೇಕು. ಕೌದಿಯ ಹೊಟ್ಟೆ ತುಂಬಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂಬ ನಂಬಿಕೆ. ಅದನ್ನು ಯಾರ ಮನೆಯ ಕೌದಿಯೋ ಅವಳೇ ಇಡುವಂತಿಲ್ಲ. ಇನ್ನೊಂದು ಮನೆಯ ಹೆಂಗಸು ಬಂದು ಇಡಬೇಕು. ನನ್ನದಕ್ಕೆ ವೈನಿ, ವೈನಿಯದಕ್ಕೆ ನಾನು. ಈಗ?

ಗದಗಿನಿಂದ ಬಂದ ಯಾತ್ರಿಯೊಬ್ಬರನ್ನು ಕೇಳಿದೆ. “ಅಯ್ಯ, ಇಡ್ತೀನಿ ಬಿಡ್ರಿ. ಸಾರನಾಥಕ್ಕ ಹೋಗ್ಲಿಕ್ಕೆ ಆಟೋ ಬಂದು ನಿಂತದ, ನೋಡಿ ಬಂದುಬಿಡ್ತೀನಿ” ಎಂದರು. ಸಂಜೆ ರೊಟ್ಟಿಯ ತಟ್ಟೆ ಇಟ್ಟುಕೊಂಡು ಬಾಗಿಲಲ್ಲೇ ಕೂತೆ. ಅವರು ಸಾರನಾಥದಿಂದ ನೇರ ಸ್ಟೇಷನ್ನಿಗೇ ಹೋದರಂತೆ.

ಎದುರುಮನೆಯ ಚಾಚಿಗೆ ಹೇಳಿದೆ. “ರಜಾಯಿ ಮೇಂ ರೋಟಿ? ಅರೇ ಬಹೂ, ಚೂಹಾ ಆ ಜಾಯೀ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊದಿಕೆಯೊಳಗೆ ರೊಟ್ಟಿ ಇಟ್ಟರೆ ಇಲಿ ಬಂದೀತು ಎನ್ನುವುದು ಸುಳ್ಳೇನಲ್ಲ. ನಾನೂ ನಕ್ಕೆ. ಏಕೆ ಇಡುತ್ತೇವೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಲು ಹೊರಟರೆ ಅಳು ಬರುತ್ತದೆ ಅನಿಸಿ ಸುಮ್ಮನಾದೆ.

ಮೊನ್ನೆ ವಿಡಿಯೋ ಕಾಲಿನಲ್ಲಿ ಸಿಟ್ಟೆಲ್ಲ ವೈನಿಯ ಮೇಲೆ ತೀರಿಸಿಕೊಂಡೆ. “ನಿಮ್ಮ ನಸೀಬ ಛಲೋ ಅದ ವೈನಿ. ಬಾಗಲಾ ತಗದ್ರ ಕನ್ನಡದವರು. ಇಲ್ಲಿ ನನಗ ಒಂದು ಚೂರು ರೊಟ್ಟಿ ಇಡ್ಲಿಕ್ಕೆ ಯಾರೂ ಇಲ್ಲ.”

ವೈನಿ ಎದ್ದು ಹೋಗಿ ಕಪಾಟಿನ ಬಾಗಿಲು ತೆಗೆದು ಫೋನು ಅತ್ತ ತಿರುಗಿಸಿದರು. ಒಳಗೊಂದು ಹೊಸ ಕೌದಿ. ಕೆಂಪು ಚೌಕ, ಹಸಿರು ಗೋಪುರ, ಹಳದಿ ಪಟ್ಟಿ. ಎಲ್ಲ ಅಚ್ಚ ಖಣವೇ. ಒಂದು ಮೂಲೆ ಮಾತ್ರ ಬಾಯಿ ತೆರೆದುಕೊಂಡಿತ್ತು, ದಾರ ಇನ್ನೂ ಸೂಜಿಯಲ್ಲೇ ನೇತಾಡುತ್ತಿತ್ತು.

“ಸಂಕ್ರಾಂತಿಯಿಂದ ಹಿಂಗ ಬಿದ್ದದ” ಎಂದರು. “ಮಗಳು, ಅಳಿಯ ಮುಂಜಾನೆ ಹೋದ್ರ ದೀಪ ಹಚ್ಚೋ ಹೊತ್ತಿಗೆ ಬರ್ತಾರ. ಬಾಜೂ ಮನಿಯವರ ಹೆಸರೂ ನನಗ ಗೊತ್ತಿಲ್ಲ. ಯಾರನ್ನ ಕರೀಲಿ ಹೇಳು?”

ಇಷ್ಟು ದಿನ ನಾನು ಈ ಊರನ್ನು ಬೈದಿದ್ದೆ, ಹಿಂದಿಯನ್ನು ಬೈದಿದ್ದೆ. ಕನ್ನಡ ತುಂಬಿ ತುಳುಕುವ ಊರಲ್ಲಿ ಕೂತ ವೈನಿ ಯಾರನ್ನು ಬೈಯಬೇಕು? ಪಾಪ, ಅವರಿಗೆ ಆ ಸಮಾಧಾನವೂ ಇಲ್ಲ.

ನನ್ನದು ಹೇಗೋ ಆಗುತ್ತದೆ ಬಿಡಿ. ಕಾಶಿಗೆ ಯಾತ್ರಿಗಳು ಬರುತ್ತಲೇ ಇರುತ್ತಾರೆ, ಆಟೋದ ಅವಸರವಿಲ್ಲದ ಒಬ್ಬರು ಸಿಕ್ಕೇ ಸಿಗುತ್ತಾರೆ. ಆದರೆ ಹುಬ್ಬಳ್ಳಿಯ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಕೂತು ಇದನ್ನು ಓದುತ್ತಿರುವವರೇ, ಪಕ್ಕದ ಬಾಗಿಲನ್ನು ಒಮ್ಮೆ ತಟ್ಟುತ್ತೀರಾ?